ಎರಡೂ ತುದಿಗೆ ಭಾರ ಬೇಕಾದ ಹಲಗೆ: ಗಡಿ ದಾಟುವ ಸಹಯೋಗದ ಕಲೆ ಮತ್ತು ವಲಸಿಗರು

2019ರ ಜುಲೈ 28ರಂದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಸನ್‌ಲ್ಯಾಂಡ್ ಪಾರ್ಕ್ ಮತ್ತು ಮೆಕ್ಸಿಕೊದ ಸಿಯುದಾದ್ ಹುವಾರೆಸ್ ನಗರಗಳ ನಡುವೆ ನಿಂತಿರುವ ಉಕ್ಕಿನ ಗಡಿಬೇಲಿಯ ಸಂದುಗಳಲ್ಲಿ ಮೂರು ಗುಲಾಬಿ ಬಣ್ಣದ ತೊಲೆಗಳನ್ನು ತೂರಿಸಲಾಯಿತು. ಪ್ರತಿ ತೊಲೆಯ ಎರಡೂ ತುದಿಗೆ ಕುಳಿತುಕೊಳ್ಳಲು ಆಸನ ಮತ್ತು ಹಿಡಿದುಕೊಳ್ಳಲು ಹಿಡಿಕೆಗಳಿದ್ದವು. ನೋಡನೋಡುತ್ತಿದ್ದಂತೆ ಬೇಲಿಯೇ ಏತದ ಕಂಬವಾಯಿತು, ತೊಲೆಗಳು ಮಕ್ಕಳು ಆಡುವ ಸೀಸಾಗಳಾದವು. ಆಚೆ ಬದಿಯ ಹುಡುಗಿ ನೆಲಕ್ಕೆ ಇಳಿದರೆ ಈಚೆ ಬದಿಯ ಹುಡುಗ ಮೇಲೇರುತ್ತಿದ್ದ. ವಾಸ್ತುಶಿಲ್ಪಿ ರೊನಾಲ್ಡ್ ರೇಲ್ ಮತ್ತು ವಿನ್ಯಾಸಕಿ ವರ್ಜೀನಿಯಾ ಸಾನ್ ಫ್ರಾಟೆಲ್ಲೊ 2009ರಲ್ಲೇ ಈ ಕಲ್ಪನೆಯನ್ನು ಚಿತ್ರವಾಗಿ ಬಿಡಿಸಿಟ್ಟಿದ್ದರು. ಅದನ್ನು ನಿಜ ಮಾಡಲು ಹತ್ತು ವರ್ಷ ಹಿಡಿಯಿತು, ಹುವಾರೆಸ್‌ನ ಕಲಾವಿದರ ಗುಂಪೊಂದರ ನೆರವೂ ಬೇಕಾಯಿತು. ಆಟ ನಡೆದದ್ದು ಒಂದು ಗಂಟೆಗಿಂತ ಕಡಿಮೆ ಹೊತ್ತು ಮಾತ್ರ. ಎರಡೂ ಕಡೆಯ ಕಾವಲಿನವರು ಬಂದು ನೋಡಿದರು, ತಡೆಯಲಿಲ್ಲ. ಲಂಡನ್ನಿನ ಡಿಸೈನ್ ಮ್ಯೂಸಿಯಂ ನೀಡುವ 2020ರ ಸಾಲಿನ ಅತ್ಯುತ್ತಮ ವಿನ್ಯಾಸ ಪ್ರಶಸ್ತಿ ಈ ಕೃತಿಗೆ ಸಂದಿತು.

ಗಡಿಯ ಕುರಿತು ಕಲಾಕೃತಿಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವನ್ನು ಒಂದೇ ಬದಿಯಲ್ಲಿ ನಿಂತು ಮಾಡಿ ಮುಗಿಸಬಹುದು. ಸೀಸಾದ ವಿಷಯ ಹಾಗಲ್ಲ, ಇನ್ನೊಂದು ತುದಿಯಲ್ಲಿ ಯಾರೂ ಕೂರದಿದ್ದರೆ ಅದು ನೆಲಕ್ಕೆ ಒರಗಿದ ಬರಿಯ ಕಬ್ಬಿಣ. ವಲಸಿಗರನ್ನು ಸಮಾಜದೊಳಗೆ ಸೇರಿಸಿಕೊಳ್ಳುವ ಕೆಲಸಕ್ಕೆ ಕಲೆಯನ್ನು ಬಳಸುವ ಯೋಜನೆಗಳನ್ನು ಅಳೆಯಲು ನನಗೆ ತೋಚುವ ಮೊದಲ ಪ್ರಶ್ನೆಯೂ ಇದೇ: ಇನ್ನೊಂದು ತುದಿಯವರು ಎದ್ದು ಹೋದರೆ ಈ ಕೃತಿ ನಿಲ್ಲುತ್ತದೆಯೇ, ಅಥವಾ ಅವರಿಲ್ಲದೆಯೂ ಆರಾಮವಾಗಿ ನಡೆಯುತ್ತದೆಯೇ?

ಮೊದಲು ಪದಗಳನ್ನು ಸ್ವಲ್ಪ ಬಿಡಿಸಿಕೊಳ್ಳುವುದು ಒಳ್ಳೆಯದು. ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿ ನೆಲೆಸಿದ್ದವರು ಸುಮಾರು 30.4 ಕೋಟಿ, ಅಂದರೆ ಜಗತ್ತಿನ ಜನಸಂಖ್ಯೆಯ ಶೇಕಡಾ 3.7ರಷ್ಟು. ಕೆಲಸ, ಓದು, ಮದುವೆಗೆಂದು ಹೋದವರೂ ಯುದ್ಧ, ಕಿರುಕುಳಗಳಿಂದ ಓಡಿಹೋದವರೂ ಇದರಲ್ಲಿ ಸೇರಿದ್ದಾರೆ. ಇಂಥವರು ಹೊಸ ಸಮಾಜದಲ್ಲಿ ಹೇಗೆ ಬೆರೆಯುತ್ತಾರೆ ಎಂಬುದನ್ನು ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರಿ ನಾಲ್ಕು ದಾರಿಗಳಾಗಿ ವಿಂಗಡಿಸಿದರು. ತನ್ನತನವನ್ನು ಬಿಟ್ಟು ಹೊಸದರಲ್ಲಿ ಕರಗುವುದು ಒಂದು. ತನ್ನವರೊಡನೆ ಮಾತ್ರ ಇದ್ದು ಹೊಸದರಿಂದ ದೂರ ಉಳಿಯುವುದು ಇನ್ನೊಂದು. ಎರಡನ್ನೂ ಕಳೆದುಕೊಂಡು ಅಂಚಿಗೆ ಸರಿಯುವುದು ಮೂರನೆಯದು. ತನ್ನದನ್ನು ಉಳಿಸಿಕೊಂಡೇ ಹೊಸದರಲ್ಲಿ ಪಾಲುದಾರನಾಗುವುದು ನಾಲ್ಕನೆಯದು. ಒಳಗೊಳ್ಳುವಿಕೆ ಎಂದು ನಾವು ಕರೆಯುವುದು ಈ ನಾಲ್ಕನೆಯದನ್ನು. ಬಂದವರ ಇಚ್ಛೆಯೊಂದರಿಂದಲೇ ಇದು ನಡೆಯುವುದಿಲ್ಲ, ಮೊದಲೇ ಇದ್ದವರೂ ಸ್ವಲ್ಪ ಸರಿದು ಜಾಗ ಮಾಡಿಕೊಡಬೇಕು. ಈ ಅರ್ಧ ಭಾಗವನ್ನು ಸರಕಾರಿ ಕಾರ್ಯಕ್ರಮಗಳು ಸಾಮಾನ್ಯವಾಗಿ ಮರೆಯುತ್ತವೆ. ಭಾಷಾ ತರಗತಿ, ಪೌರತ್ವ ಪರೀಕ್ಷೆ, ಕೌಶಲ ತರಬೇತಿ ಎಲ್ಲವೂ ಬಂದವರಿಗೆ ಮಾತ್ರ. ಇದ್ದವರಿಗೆ ಯಾವ ಪಾಠವೂ ಇಲ್ಲ.

ಸಹಯೋಗದ ಕಲೆ ಎಂಬ ಮಾತಿಗೂ ಅರ್ಥ ಒಂದೇ ಅಲ್ಲ. ವಲಸಿಗರ ಬಗ್ಗೆ ಮಾಡಿದ ಕಲೆ, ವಲಸಿಗರಿಗಾಗಿ ಮಾಡಿದ ಕಲೆ, ವಲಸಿಗರೊಂದಿಗೆ ಮಾಡಿದ ಕಲೆ, ವಲಸಿಗರೇ ಮುಂದೆ ನಿಂತು ಇತರರನ್ನು ಸೇರಿಸಿಕೊಂಡು ಮಾಡಿದ ಕಲೆ, ಇವೆಲ್ಲ ಹೊರಗಿನಿಂದ ಒಂದೇ ರೀತಿ ಕಾಣಬಹುದು. ಗೋಡೆಯ ಮೇಲಿನ ದೊಡ್ಡ ಚಿತ್ರದ ಮುಂದೆ ನಿಂತವರಿಗೆ ಅದನ್ನು ಯಾರು ಯೋಚಿಸಿದರು, ಯಾರು ಬರಿಯ ಬಣ್ಣ ತುಂಬಿದರು ಎಂಬುದು ತಿಳಿಯುವುದಿಲ್ಲ. ಆದರೆ ಬಣ್ಣ ತುಂಬಿದವರಿಗೆ ಅದು ಚೆನ್ನಾಗಿ ತಿಳಿದಿರುತ್ತದೆ.

ಕಲೆ ಇಂಥ ಕೆಲಸಕ್ಕೆ ಏಕೆ ಒದಗುತ್ತದೆ ಎಂಬುದಕ್ಕೆ ಒಂದು ಹಳೆಯ ವಿವರಣೆ ಇದೆ. 1954ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ ಬೇರೆ ಬೇರೆ ಗುಂಪಿನ ಜನರ ನಡುವಿನ ಪೂರ್ವಗ್ರಹ ಕಡಿಮೆಯಾಗಲು ಬರಿಯ ಮುಖಾಮುಖಿ ಸಾಲದು, ಆ ಭೇಟಿಗೆ ನಾಲ್ಕು ಅನುಕೂಲಗಳಿರಬೇಕು ಎಂದು ವಾದಿಸಿದರು: ಆ ಸಂದರ್ಭದಲ್ಲಿ ಇಬ್ಬರಿಗೂ ಸಮಾನ ಸ್ಥಾನ, ಇಬ್ಬರಿಗೂ ಸೇರಿದ ಒಂದು ಗುರಿ, ಪೈಪೋಟಿಯಿಲ್ಲದ ಸಹಕಾರ, ಮತ್ತು ಅಧಿಕಾರದಲ್ಲಿರುವವರ ಬೆಂಬಲ. 2006ರಲ್ಲಿ ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ ಸಂಪರ್ಕದಿಂದ ಪೂರ್ವಗ್ರಹ ಸಾಮಾನ್ಯವಾಗಿ ತಗ್ಗುತ್ತದೆ ಎಂಬುದು ಕಂಡುಬಂತು. ಆ ನಾಲ್ಕು ಅನುಕೂಲಗಳಿದ್ದಾಗ ಪರಿಣಾಮ ಇನ್ನಷ್ಟು ಹೆಚ್ಚಿತ್ತು. ದಿನನಿತ್ಯದ ಬದುಕಿನಲ್ಲಿ ವಲಸಿಗರಿಗೂ ಸ್ಥಳೀಯರಿಗೂ ಸಮಾನ ಸ್ಥಾನ ಸಿಗುವ ಜಾಗಗಳು ಬಹಳ ಕಡಿಮೆ. ಕಚೇರಿಯ ಕಿಟಕಿಯಲ್ಲಿ ಒಬ್ಬರು ಅರ್ಜಿದಾರರು, ಇನ್ನೊಬ್ಬರು ಅಧಿಕಾರಿ. ಮನೆಯಲ್ಲಿ ಒಬ್ಬರು ಬಾಡಿಗೆದಾರರು, ಇನ್ನೊಬ್ಬರು ಮಾಲೀಕರು. ಹಾಡು ಕಟ್ಟುವ ಕೋಣೆಯಲ್ಲಿ, ಬೊಂಬೆ ಮಾಡುವ ಮೇಜಿನ ಸುತ್ತ ಈ ಏಣಿ ಸ್ವಲ್ಪ ಹೊತ್ತಾದರೂ ಅಡ್ಡ ಮಲಗುತ್ತದೆ. ಒಂದು ತಾಳವನ್ನು ಹಿಡಿಯಲು ನಿಮಗೆ ಹತ್ತು ನಿಮಿಷ ಹಿಡಿದು, ಪಕ್ಕದಲ್ಲಿರುವ ಹೊಸಬನಿಗೆ ಅದು ಬಾಲ್ಯದಿಂದ ಗೊತ್ತಿದ್ದರೆ, ಯಾರು ಗುರು ಯಾರು ಶಿಷ್ಯ ಎಂಬುದನ್ನು ಪಾಸ್‌ಪೋರ್ಟ್ ತೀರ್ಮಾನಿಸುವುದಿಲ್ಲ.

ಇದು ದೊಡ್ಡ ಪ್ರಮಾಣದಲ್ಲಿ ಹೇಗೆ ನಡೆಯಬಹುದು ಎಂಬುದಕ್ಕೆ ಪುಟ್ಟ ಅಮಲ್ ಎಂಬ ಬೊಂಬೆಯ ಪಯಣವನ್ನು ಹತ್ತಿರದಿಂದ ನೋಡಬೇಕು. ಅಮಲ್ ಎಂದರೆ ಅರಬ್ಬಿಯಲ್ಲಿ ಭರವಸೆ. ತಾಯಿಯನ್ನು ಹುಡುಕಿ ಒಂಟಿಯಾಗಿ ಹೊರಟ ಒಂಬತ್ತು ವರ್ಷದ ಸಿರಿಯಾದ ನಿರಾಶ್ರಿತ ಬಾಲಕಿಯ ಪಾತ್ರ ಅದು. ಎತ್ತರ ಮಾತ್ರ 3.5 ಮೀಟರ್. ಬ್ರಿಟನ್ನಿನ ಗುಡ್ ಚಾನ್ಸ್ ರಂಗತಂಡ, ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಹ್ಯಾಂಡ್‌ಸ್ಪ್ರಿಂಗ್ ಬೊಂಬೆಯಾಟದ ಸಂಸ್ಥೆ, ಪ್ಯಾಲೆಸ್ತೀನ್ ಮೂಲದ ನಿರ್ದೇಶಕ ಅಮೀರ್ ನಿಝಾರ್ ಝುಆಬಿ ಸೇರಿ ರೂಪಿಸಿದ ಯೋಜನೆಯಿದು. ಗುಡ್ ಚಾನ್ಸ್ ತಂಡ ಹುಟ್ಟಿದ್ದೇ 2015ರಲ್ಲಿ, ಫ್ರಾನ್ಸಿನ ಕಾಲೆಯ ನಿರಾಶ್ರಿತ ಶಿಬಿರದಲ್ಲಿ ಗುಮ್ಮಟದಾಕಾರದ ಗುಡಾರವೊಂದನ್ನು ರಂಗಮಂದಿರವಾಗಿ ನಿಲ್ಲಿಸಿದಾಗ. 2021ರ ಜುಲೈ 27ರಂದು ಸಿರಿಯಾ ಗಡಿಗೆ ಹತ್ತಿರವಿರುವ ಟರ್ಕಿಯ ಗಾಝಿಯಾಂಟೆಪ್‌ನಿಂದ ಹೊರಟ ಬೊಂಬೆ ಗ್ರೀಸ್, ಇಟಲಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಜರ್ಮನಿ, ಬೆಲ್ಜಿಯಂಗಳನ್ನು ಹಾದು ನವೆಂಬರ್ 3ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ತಲುಪಿತು. ದಾರಿ ಸುಮಾರು 8,000 ಕಿಲೋಮೀಟರ್.

ಬೊಂಬೆಯ ದೇಹ ಬೆತ್ತ ಮತ್ತು ಕಾರ್ಬನ್ ನಾರಿನದು. ಅದರ ಹೊಟ್ಟೆಯೊಳಗೆ ಒಬ್ಬ ಆಟಗಾರ ಮರಗಾಲು ಕಟ್ಟಿಕೊಂಡು ನಡೆಯುತ್ತಾನೆ. ಅವನ ಕೈಯಲ್ಲಿರುವ ತಂತಿಗಳ ಜಾಲಕ್ಕೆ ತಂಡದವರು ಹಾರ್ಪ್ ಎಂದು ತಂತಿವಾದ್ಯದ ಹೆಸರಿಟ್ಟು ಕರೆಯುತ್ತಾರೆ. ತಲೆಯೂ ಮುಖವೂ ಅದರಿಂದಲೇ ಚಲಿಸುತ್ತವೆ. ಹೊರಗೆ ಇಬ್ಬರು ಒಂದೊಂದು ಕೈಯನ್ನು ಹಿಡಿದಿರುತ್ತಾರೆ. ಮೂವರೂ ಒಟ್ಟಿಗೆ ಉಸಿರಾಡಬೇಕು, ಇಲ್ಲವಾದರೆ ಮಗು ಮಗುವಾಗಿ ಕಾಣದೆ ಬೆತ್ತದ ಚೌಕಟ್ಟಾಗಿ ಕಾಣುತ್ತದೆ. ಈ ಆಟಗಾರರಲ್ಲಿ ಕೆಲವರು ತಾವೇ ನಿರಾಶ್ರಿತರಾಗಿ ಬಂದವರು. ಅಮಲ್ ಮಾತಾಡುವುದಿಲ್ಲ. ಇದು ಸಣ್ಣ ಸಂಗತಿಯಂತೆ ತೋರಿದರೂ ಎಂಟು ದೇಶಗಳ ಪಯಣಕ್ಕೆ ಇದೇ ಆಧಾರ, ಏಕೆಂದರೆ ಅವಳಿಗೆ ಅನುವಾದಕರು ಬೇಕಿಲ್ಲ, ಉಚ್ಚಾರದಿಂದ ಯಾರೂ ಅವಳ ಊರನ್ನು ಹಿಡಿಯಲಾರರು.

ಯೋಜನೆಯ ಜಾಣತನ ಇರುವುದು ಬೊಂಬೆಗಿಂತ ಹೆಚ್ಚಾಗಿ ಅದರ ಸುತ್ತಲಿನ ಏರ್ಪಾಟಿನಲ್ಲಿ. ಪ್ರತಿ ಊರಿಗೂ ಕೇಳಿದ್ದು ಒಂದೇ: ನಿಮ್ಮ ಊರಿಗೆ ಒಂದು ಮಗು ಬರುತ್ತಿದೆ, ಹೇಗೆ ಬರಮಾಡಿಕೊಳ್ಳುತ್ತೀರಿ? ಉತ್ತರವನ್ನು ಆಯಾ ಊರಿನ ಕಲಾವಿದರು, ಶಾಲೆಗಳು, ಸಂಘಗಳು ತಾವೇ ಕಟ್ಟಿದರು. ಗಾಝಿಯಾಂಟೆಪ್‌ನಲ್ಲಿ ಜನ ಲಾಂದ್ರಗಳನ್ನು ಹಿಡಿದು ಅವಳಿಗೆ ದಾರಿ ತೋರಿದರು. ಆತಿಥೇಯರಿಗೆ ಮಾಡಲು ಒಂದು ಕೆಲಸ ಸಿಕ್ಕಿತು ಎಂಬುದು ಇಲ್ಲಿ ಮುಖ್ಯ. ನಾನು ಮೇಲೆ ಹೇಳಿದ ಮರೆತುಹೋದ ಅರ್ಧ ಭಾಗ ಅದೇ. ಎಲ್ಲ ಊರುಗಳೂ ಒಂದೇ ಉತ್ತರ ಕೊಡಲಿಲ್ಲ. ಗ್ರೀಸಿನ ಲಾರಿಸಾದಲ್ಲಿ ಕೆಲವರು ಕಲ್ಲೆಸೆದರು. ಬಂಡೆಗಳ ಮೇಲಿನ ಮಠಗಳಿಗೆ ಹೆಸರಾದ ಮೆಟಿಯೋರಾ ಪ್ರದೇಶದಲ್ಲಿ ಸ್ಥಳೀಯ ಆಡಳಿತ ಅವಳ ನಡಿಗೆಗೆ ಅನುಮತಿ ನೀಡಲಿಲ್ಲ. ಬೆತ್ತದ ಬೊಂಬೆಗೆ ಬಿದ್ದ ಕಲ್ಲು ನಿಜವಾಗಿ ಯಾರಿಗೆ ಎಸೆದದ್ದು ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗೆ ನೋಡಿದರೆ ಕಲ್ಲು ಬಿದ್ದ ಊರಿನಲ್ಲಿಯೂ ಕೃತಿ ತನ್ನ ಕೆಲಸ ಮಾಡಿತು ಎನ್ನಬೇಕು.

ಬೊಂಬೆಗೆ ಹಣ ಬೇಕು, ಪರವಾನಗಿ ಬೇಕು, ಪೊಲೀಸರು ಬೇಕು. ಬಟ್ಟೆಗೆ ಇದ್ಯಾವುದೂ ಬೇಡ. ಚಿಲಿಯಲ್ಲಿ 1973ರ ಸೆಪ್ಟೆಂಬರ್ 11ರ ಸೇನಾದಂಗೆಯ ನಂತರ ಗಂಡ, ಮಕ್ಕಳನ್ನು ಕಳೆದುಕೊಂಡ ಹೆಂಗಸರು ಗೋಣಿತಟ್ಟಿನ ಮೇಲೆ ಹಳೆಯ ಬಟ್ಟೆಯ ತುಂಡುಗಳನ್ನು ಹೊಲಿದು ಚಿತ್ರಗಳನ್ನು ಮಾಡಿದರು. ಆರ್ಪಿಯೆರಾ ಎಂದು ಅವುಗಳ ಹೆಸರು. ಹಿನ್ನೆಲೆಯಲ್ಲಿ ಆಂಡಿಸ್ ಬೆಟ್ಟಸಾಲು, ಮೇಲೆ ಸೂರ್ಯ, ಕೆಳಗೆ ಬೆರಳುದ್ದದ ಬಟ್ಟೆಯ ಮನುಷ್ಯರು. ಹತ್ತಿರ ಹೋದಾಗ ಮಾತ್ರ ಆ ಮನುಷ್ಯರು ಜೈಲಿನ ಬಾಗಿಲಲ್ಲಿ ನಿಂತಿದ್ದಾರೆ, ಕಾಣೆಯಾದವರೆಲ್ಲಿ ಎಂದು ಕೇಳುವ ಫಲಕ ಹಿಡಿದಿದ್ದಾರೆ ಎಂಬುದು ತಿಳಿಯುತ್ತದೆ. ಕೆಲವದರಲ್ಲಿ ಕಾಣೆಯಾದವರ ಉಡುಪಿನ ತುಂಡುಗಳೇ ಇದ್ದವು. ಕ್ಯಾಥೊಲಿಕ್ ಚರ್ಚಿನ ಆಶ್ರಯದಲ್ಲಿ ಇವು ದೇಶದ ಹೊರಗೆ ಹೋದವು. ಹೊರಗೆ ದೇಶಭ್ರಷ್ಟರಾಗಿ ಬದುಕುತ್ತಿದ್ದ ಚಿಲಿಯನ್ನರು ಮತ್ತು ಅವರ ಹೊಸ ನೆರೆಹೊರೆಯವರು ಇವನ್ನು ಪ್ರದರ್ಶಿಸಿದರು, ಮಾರಿ ಹಣ ಕಳಿಸಿದರು. ಒಳಗಿದ್ದವರು ಹೊಲಿಯದಿದ್ದರೆ ಹೊರಗಿನವರಿಗೆ ತೋರಿಸಲು ಏನೂ ಇರುತ್ತಿರಲಿಲ್ಲ. ಹೊರಗಿನವರು ತೋರಿಸದಿದ್ದರೆ ಒಳಗಿನವರ ಹೊಲಿಗೆ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ಪರದೇಶದಲ್ಲಿ ತನ್ನ ಕತೆ ಹೇಳಲು ಮಾತು ಸಾಲದ ಚಿಲಿಯನ್ನನಿಗೆ ಆ ಬಟ್ಟೆಯ ತುಂಡು ಮಾತಿನ ಮೊದಲ ಎಳೆಯಾಗಿ ಒದಗಿತು. ಮಡಚಿದರೆ ಲಕೋಟೆಯಲ್ಲಿ ಹಿಡಿಯುವ ಕೃತಿಗೆ ವೀಸಾ ಕೇಳುವವರಿಲ್ಲ. ಗಡಿಯಾಚೆಯ ಸಹಯೋಗಕ್ಕೆ ಇಂದಿಗೂ ಹೊಲಿಗೆ, ಕಸೂತಿ, ಅಂಚೆಯಲ್ಲಿ ಹೋಗುವ ಚಿತ್ರ, ಧ್ವನಿಮುದ್ರಣಗಳನ್ನು ಹೆಚ್ಚಾಗಿ ಆರಿಸಿಕೊಳ್ಳುವುದಕ್ಕೆ ಇದೇ ಕಾರಣ.

ಇನ್ನೊಂದು ಬಗೆಯ ಯೋಜನೆಗಳಲ್ಲಿ ಹೊಸ ಕೃತಿಯೇ ಹುಟ್ಟುವುದಿಲ್ಲ, ಇರುವ ಕೃತಿಗಳ ಮೇಲಿನ ಅಧಿಕಾರ ಕೈ ಬದಲಾಯಿಸುತ್ತದೆ. 2015ರ ಕೊನೆಯಲ್ಲಿ ಬರ್ಲಿನ್ನಿನ ವಸ್ತುಸಂಗ್ರಹಾಲಯಗಳು ಮುಲ್ತಖಾ ಎಂಬ ಕಾರ್ಯಕ್ರಮ ಆರಂಭಿಸಿದವು. ಅರಬ್ಬಿಯಲ್ಲಿ ಅದರ ಅರ್ಥ ಭೇಟಿಯ ತಾಣ. ಸಿರಿಯಾ, ಇರಾಕ್‌ಗಳಿಂದ ಬಂದ ನಿರಾಶ್ರಿತರಿಗೆ ತರಬೇತಿ ನೀಡಿ ಅವರನ್ನೇ ಮಾರ್ಗದರ್ಶಕರನ್ನಾಗಿ ಮಾಡಲಾಯಿತು. ಅವರು ಹೊಸದಾಗಿ ಬಂದ ತಮ್ಮವರಿಗೆ ಅರಬ್ಬಿಯಲ್ಲಿ ಸಂಗ್ರಹಾಲಯ ತೋರಿಸಿದರು. ಇಸ್ಲಾಮಿಕ್ ಕಲೆಯ ವಿಭಾಗದಲ್ಲಿ ತಮ್ಮದೇ ನಾಡಿನ ವಸ್ತುಗಳನ್ನು ಪರದೇಶದಲ್ಲಿ ಕಾಣುವಾಗ ಹೆಮ್ಮೆಯೂ ಇತ್ತು, ಇವು ಇಲ್ಲಿಗೆ ಹೇಗೆ ಬಂದವು ಎಂಬ ಮುಜುಗರದ ಪ್ರಶ್ನೆಯೂ ಇತ್ತು. ಜರ್ಮನಿಯ ಇತಿಹಾಸದ ಸಂಗ್ರಹಾಲಯದಲ್ಲಿ ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾದ ನಗರಗಳ ಚಿತ್ರಗಳ ಮುಂದೆ ನಿಂತವರು ಇದು ಮತ್ತೆ ಕಟ್ಟಲ್ಪಟ್ಟಿತೆಂದರೆ ನಮ್ಮದೂ ಕಟ್ಟಲ್ಪಡಬಹುದು ಎಂದು ಯೋಚಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮುಂದೆ ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಸಂಗ್ರಹಾಲಯವೂ ಇದೇ ಹೆಸರಿನ ಕಾರ್ಯಕ್ರಮ ನಡೆಸಿತು. ಕಲಾವಿದ ಅಹ್ಮೆತ್ ಒಯುತ್ 2012ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಮೌನ ವಿಶ್ವವಿದ್ಯಾಲಯವೂ ಇದರ ದಾಯಾದಿಯೇ. ಪದವಿ ಇದ್ದೂ ಕಾಗದಪತ್ರದ ತೊಡಕಿನಿಂದ ವೃತ್ತಿ ಮಾಡಲಾಗದ ವಲಸಿಗರು ಅಲ್ಲಿ ಉಪನ್ಯಾಸಕರು.

ಇಷ್ಟೆಲ್ಲ ಕೇಳಿದ ಮೇಲೆ ಕಲೆ ಮನಸ್ಸುಗಳನ್ನು ಬದಲಾಯಿಸುತ್ತದೆ ಎಂದು ಸಲೀಸಾಗಿ ಹೇಳಿಬಿಡಬಹುದು. ಅಷ್ಟು ಸಲೀಸಲ್ಲ. ಕಲೆಯದಲ್ಲದಿದ್ದರೂ ಇಲ್ಲಿಗೆ ನೇರವಾಗಿ ಅನ್ವಯಿಸುವ ಒಂದು ಪ್ರಯೋಗವನ್ನು ಸಂಶೋಧಕಿ ಸಲ್ಮಾ ಮೂಸಾ 2020ರಲ್ಲಿ ಪ್ರಕಟಿಸಿದರು. ಐಸಿಸ್ ದಾಳಿಯಿಂದ ಮನೆ ಕಳೆದುಕೊಂಡ ಇರಾಕಿನ ಕ್ರೈಸ್ತರಿಗಾಗಿ ಫುಟ್‌ಬಾಲ್ ಪಂದ್ಯಾವಳಿ ಏರ್ಪಡಿಸಿ, ಕೆಲವು ತಂಡಗಳಿಗೆ ಮಾತ್ರ ಮುಸ್ಲಿಂ ಆಟಗಾರರನ್ನು ಸೇರಿಸಲಾಗಿತ್ತು. ಮಿಶ್ರ ತಂಡಗಳಲ್ಲಿ ಆಡಿದ ಕ್ರೈಸ್ತರು ಮುಂದಿನ ಋತುವಿಗೂ ಮಿಶ್ರ ತಂಡಕ್ಕೆ ಹೆಸರು ಕೊಡುವ, ಆರು ತಿಂಗಳ ಬಳಿಕವೂ ಮುಸ್ಲಿಮರೊಡನೆ ಅಭ್ಯಾಸ ಮಾಡುವ ಸಾಧ್ಯತೆ ಹೆಚ್ಚಿತ್ತು. ಆದರೆ ಮುಸ್ಲಿಂ ಬಹುಸಂಖ್ಯಾತ ಮೋಸುಲ್ ನಗರದ ಹೋಟೆಲಿಗೆ ಹೋಗುವುದು, ಅಪರಿಚಿತರಿರುವ ಮಿಶ್ರ ಸಮಾರಂಭಕ್ಕೆ ಹೋಗುವುದು ಮುಂತಾದ ಮೈದಾನದ ಹೊರಗಿನ ನಡವಳಿಕೆಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಜೊತೆಗೆ ಆಡಿದವರ ಬಗ್ಗೆ ಅಭಿಪ್ರಾಯ ಬದಲಾಯಿತು, ಅವರ ಇಡೀ ಸಮುದಾಯದ ಬಗ್ಗೆ ಬದಲಾಗಲಿಲ್ಲ. ಕಲಾ ಕಾರ್ಯಾಗಾರದಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಲು ನನಗೆ ಕಾರಣ ಕಾಣುವುದಿಲ್ಲ. ಮೂರು ದಿನದ ಚಿತ್ರಶಿಬಿರ ನಡೆಸಿ ಸಾಮರಸ್ಯ ಮೂಡಿತು ಎಂದು ವರದಿ ಬರೆಯುವವರು ಈ ಫಲಿತಾಂಶವನ್ನು ಒಮ್ಮೆ ಓದಬೇಕು.

ಇದಕ್ಕಿಂತ ಕಹಿಯಾದ ಆಕ್ಷೇಪ ವಲಸಿಗರಿಂದಲೇ ಬಂದಿದೆ. ಮೆಲ್ಬರ್ನ್‌ನಲ್ಲಿ ನಿರಾಶ್ರಿತರೇ ನಡೆಸುವ ರೈಸ್ ಎಂಬ ಸಂಸ್ಥೆ 2015ರಲ್ಲಿ, ನಿರಾಶ್ರಿತರೊಡನೆ ಕೆಲಸ ಮಾಡಬಯಸುವ ಹೊರಗಿನ ಕಲಾವಿದರಿಗೆಂದು ಹತ್ತು ಅಂಶಗಳ ಪಟ್ಟಿಯೊಂದನ್ನು ಪ್ರಕಟಿಸಿತು. ನಿಮ್ಮ ಮುಂದಿನ ಕೃತಿಗೆ ನಾವು ಕಚ್ಚಾವಸ್ತುವಲ್ಲ, ಭಾಗವಹಿಸುವಿಕೆ ತಾನಾಗಿಯೇ ಒಳ್ಳೆಯದಾಗುವುದಿಲ್ಲ ಎಂಬುದು ಅದರ ಸಾರ. ಕೋಪಕ್ಕೆ ಕಾರಣಗಳಿದ್ದವು. ಅದೇ ಬಗೆಯ ವಿವಾದ ಮುಂದೆಯೂ ನಿಲ್ಲಲಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನವಾದ ವೆನಿಸ್ ಬಿನಾಲೆಯಲ್ಲಿ 2017ರಲ್ಲಿ ಕಲಾವಿದ ಓಲಾಫುರ್ ಎಲಿಯಾಸನ್ ಏರ್ಪಡಿಸಿದ ಕಾರ್ಯಾಗಾರದಲ್ಲಿ ಆಶ್ರಯ ಕೋರಿದವರು ಹಸಿರು ದೀಪಗಳನ್ನು ಜೋಡಿಸುವುದನ್ನು ಪ್ರೇಕ್ಷಕರು ಸುತ್ತಾಡಿ ನೋಡುವಂತಿದ್ದು, ಕೆಲವು ವಿಮರ್ಶಕರಿಗೆ ಅದು ಮನುಷ್ಯರನ್ನೇ ಪ್ರದರ್ಶನಕ್ಕಿಟ್ಟಂತೆ ಕಂಡಿತು. 2019ರ ಬಿನಾಲೆಯಲ್ಲಿ ಕಲಾವಿದ ಕ್ರಿಸ್ಟೋಫ್ ಬೂಶೆಲ್ ಇನ್ನೂ ಮುಂದೆ ಹೋಗಿ, 2015ರ ಏಪ್ರಿಲ್ 18ರಂದು ಮೆಡಿಟರೇನಿಯನ್ನಿನಲ್ಲಿ ನೂರಾರು ವಲಸಿಗರೊಡನೆ ಮುಳುಗಿದ ಮೀನುಗಾರಿಕೆ ದೋಣಿಯನ್ನೇ ತಂದು ನಿಲ್ಲಿಸಿದರು. ಪಕ್ಕದಲ್ಲಿ ವಿವರಣೆಯ ಫಲಕವೂ ಇರಲಿಲ್ಲ. ಎರಡನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ದೀಪದ ಕೋಣೆಯಲ್ಲಿ ಭಾಷೆ ಕಲಿಸುವ ಪಾಠಗಳೂ ನಡೆದವು, ಕುಳಿತವರಿಗೆ ಕನಿಷ್ಠ ಒಂದು ತುದಿ ಇತ್ತು. ದೋಣಿಯ ಇನ್ನೊಂದು ತುದಿಯಲ್ಲಿ ಇದ್ದವರು ಸತ್ತವರು.

ಆದರ್ಶದ ಮಾತು ಒತ್ತಟ್ಟಿಗಿರಲಿ, ಗಡಿಯಾಚೆಯ ಸಹಯೋಗ ಹೆಚ್ಚಾಗಿ ಎಡವುವುದು ಕಾಗದಪತ್ರದಲ್ಲಿ. ಕಲೆ, ಸಂಸ್ಕೃತಿಗೆ ಧನಸಹಾಯ ನೀಡುವ ಐರೋಪ್ಯ ಒಕ್ಕೂಟದ ಕ್ರಿಯೇಟಿವ್ ಯುರೋಪ್ ಕಾರ್ಯಕ್ರಮದ 2021ರಿಂದ 2027ರ ಅವಧಿಯ ನಿಯಮಗಳಂತೆ, ಸಣ್ಣ ಪ್ರಮಾಣದ ಸಹಕಾರ ಯೋಜನೆಗೂ ಮೂರು ಬೇರೆ ದೇಶಗಳ ಮೂರು ಸಂಸ್ಥೆಗಳಾದರೂ ಬೇಕು. ಗರಿಷ್ಠ ನೆರವು 2 ಲಕ್ಷ ಯೂರೊ, ವೆಚ್ಚದ ಶೇಕಡಾ 80ರವರೆಗೆ ಮಾತ್ರ. ಉಳಿದ ಶೇಕಡಾ 20ನ್ನು ಹೊಂದಿಸುವುದು ನೋಂದಾಯಿತ, ಬೇರೂರಿದ ಸಂಸ್ಥೆಗಳಿಗೆ ಸಾಧ್ಯ. ವಲಸಿಗರೇ ಕಟ್ಟಿಕೊಂಡ ಪುಟ್ಟ ತಂಡಗಳಿಗೆ ಅದು ದುಸ್ತರ, ಹಾಗಾಗಿ ಅವು ಅರ್ಜಿದಾರರಾಗುವ ಬದಲು ಇನ್ನೊಬ್ಬರ ಅರ್ಜಿಯಲ್ಲಿ ಫಲಾನುಭವಿಗಳಾಗಿ ಉಳಿಯುತ್ತವೆ. ಸಂಭಾವನೆಯದು ಇನ್ನೊಂದು ಗಂಟು. ಬ್ರಿಟನ್ನಿನಲ್ಲಿ ಆಶ್ರಯ ಕೋರಿದವರು ಸಾಮಾನ್ಯವಾಗಿ ದುಡಿಯುವಂತಿಲ್ಲ, ತೀರ್ಪಿಗಾಗಿ 12 ತಿಂಗಳು ಕಾದ ಮೇಲಷ್ಟೇ ಅನುಮತಿ ಕೇಳಬಹುದು. ಐರೋಪ್ಯ ಒಕ್ಕೂಟದ 2013ರ ನಿರ್ದೇಶನ ಈ ಕಾಯುವಿಕೆಗೆ 9 ತಿಂಗಳ ಮಿತಿ ಹಾಕಿತ್ತು. ಹೀಗಿರುವಾಗ ಸ್ಥಳೀಯ ಕಲಾವಿದನಿಗೆ ದಿನಕ್ಕಿಷ್ಟು ಎಂದು ಸಂಬಳ, ಪಕ್ಕದಲ್ಲಿ ಅದೇ ಕೆಲಸ ಮಾಡುವ ವಲಸಿಗನಿಗೆ ಬಸ್ಸಿನ ಖರ್ಚು ಮತ್ತು ಊಟ. ಆಲ್‌ಪೋರ್ಟ್ ಹೇಳಿದ ಸಮಾನ ಸ್ಥಾನ ಅಲ್ಲಿಗೆ ಮುಗಿಯಿತು. ಇದನ್ನು ತಿಳಿದ ಸಂಘಟಕರು ಹಣ ಕೊಡಲಾಗದಿದ್ದರೆ ಹಕ್ಕನ್ನಾದರೂ ಕೊಡುತ್ತಾರೆ: ಕೃತಿಯ ಮೇಲೆ ಹೆಸರು, ಮುಂದೆ ಮಾರಾಟವಾದರೆ ಪಾಲು, ಯಾವ ಚಿತ್ರ ಹೊರಗೆ ಹೋಗಬಾರದು ಎಂದು ಹೇಳುವ ಅಧಿಕಾರ. ಈ ಕೊನೆಯದು ಶೋಕಿಯ ಮಾತಲ್ಲ. ಕಿರುಕುಳದಿಂದ ಓಡಿಬಂದವರ ಮುಖವೂ ಹೆಸರೂ ಪತ್ರಿಕೆಯಲ್ಲಿ ಬಂದರೆ ಊರಿನಲ್ಲಿ ಉಳಿದ ಕುಟುಂಬಕ್ಕೆ ಕುತ್ತು ಬರಬಹುದು.

ಪ್ರಯಾಣದ ವಿಷಯದಲ್ಲಂತೂ ವಿಪರ್ಯಾಸ ಢಾಳಾಗಿ ಕಾಣುತ್ತದೆ. ನಿರಾಶ್ರಿತನೆಂದು ಮಾನ್ಯತೆ ಪಡೆದವನಿಗೆ 1951ರ ನಿರಾಶ್ರಿತರ ಒಪ್ಪಂದದ 28ನೆಯ ವಿಧಿಯಂತೆ ಪ್ರಯಾಣಪತ್ರ ಸಿಗುತ್ತದೆ. ಅರ್ಜಿ ಇನ್ನೂ ತೀರ್ಮಾನವಾಗದವನಿಗೆ ಸಾಮಾನ್ಯವಾಗಿ ಅದೂ ಇಲ್ಲ. ಹಾಗಾಗಿ ಅವನು ಹೊಲಿದ ಬಟ್ಟೆ, ಅವನು ಹಾಡಿದ ಧ್ವನಿ ಮೂರು ದೇಶಗಳ ಪ್ರದರ್ಶನಾಲಯಗಳಿಗೆ ವಿಮೆಯೊಡನೆ ಹೋಗಿಬರುತ್ತವೆ. ಉದ್ಘಾಟನೆಯ ದಿನ ಅವನು ಶಿಬಿರದಲ್ಲಿ ಕುಳಿತು ಫೋನಿನ ಪರದೆಯಲ್ಲಿ ಚಪ್ಪಾಳೆ ಕೇಳುತ್ತಾನೆ. ಕೆಲವು ತಂಡಗಳು ಇದನ್ನು ಅರಿತು ಪ್ರದರ್ಶನವನ್ನೇ ಚಲಿಸಲಾಗದವನ ಊರಿನಲ್ಲಿ ಆರಂಭಿಸಿ, ಪ್ರಯಾಣದ ಭಾರವನ್ನು ಪಾಸ್‌ಪೋರ್ಟ್ ಇದ್ದವರ ಮೇಲೆ ಹಾಕುತ್ತವೆ. ಖರ್ಚು ಹೆಚ್ಚು, ಪತ್ರಕರ್ತರು ಕಡಿಮೆ ಬರುತ್ತಾರೆ, ಆದರೂ ನನ್ನ ಲೆಕ್ಕದಲ್ಲಿ ಅದೇ ಸರಿ.

ಅವಧಿಯ ಬಗ್ಗೆ ಒಂದು ಮಾತು ಉಳಿದಿದೆ. ಕ್ಯೂಬಾ ಮೂಲದ ಕಲಾವಿದೆ ತಾನಿಯಾ ಬ್ರುಗೇರಾ 2011ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಕರೋನಾ ಎಂಬ ಬಡಾವಣೆಯಲ್ಲಿ, ಕ್ವೀನ್ಸ್ ಮ್ಯೂಸಿಯಂ ಮತ್ತು ಕ್ರಿಯೇಟಿವ್ ಟೈಮ್ ಸಂಸ್ಥೆಗಳ ಬೆಂಬಲದಿಂದ, ರಸ್ತೆಬದಿಯ ಅಂಗಡಿಯೊಂದನ್ನು ಬಾಡಿಗೆಗೆ ಹಿಡಿದು ವಲಸಿಗರ ಅಂತರರಾಷ್ಟ್ರೀಯ ಚಳವಳಿ ಎಂಬ ಹೆಸರಿನಲ್ಲಿ ಯೋಜನೆ ಆರಂಭಿಸಿದರು. ಲ್ಯಾಟಿನ್ ಅಮೆರಿಕದ ಹಲವು ದೇಶಗಳಿಂದ ಬಂದವರು ಹೆಚ್ಚಾಗಿರುವ ಪ್ರದೇಶ ಅದು. ಒಳಗೆ ಬಂದವರಿಗೆ ಕಲಾಕೃತಿಯೆಂದು ತೋರಿಸುವಂಥದ್ದು ಏನೂ ಇರಲಿಲ್ಲ. ಇಂಗ್ಲಿಷ್ ಪಾಠ, ಕಾನೂನು ಸಲಹೆ, ಮಕ್ಕಳಿಗೆ ಸಂಗೀತ ಇದ್ದವು. ಉಪಯೋಗಕ್ಕೆ ಬರುವುದೇ ಕಲೆಯ ರೂಪವಾಗಬಹುದು ಎಂಬುದು ಬ್ರುಗೇರಾ ಅವರ ನಿಲುವು, ಅದನ್ನು ಒಪ್ಪದ ವಿಮರ್ಶಕರು ಹಾಗಾದರೆ ಇದನ್ನು ಸಮಾಜಸೇವೆ ಎನ್ನಬಾರದೇಕೆ ಎಂದು ಕೇಳಿದರು. ಈ ಜಗಳ ಇನ್ನೂ ಬಗೆಹರಿದಿಲ್ಲ, ಬಗೆಹರಿಯುವ ಅವಸರವೂ ನನಗಿಲ್ಲ. ಬ್ರುಗೇರಾ ನಿತ್ಯದ ಉಸ್ತುವಾರಿಯಿಂದ ಸರಿದ ನಂತರವೂ ಆ ಬಾಗಿಲು ಮುಚ್ಚಲಿಲ್ಲ. ತರಗತಿಗೆಂದು ಬರುತ್ತಿದ್ದ ನೆರೆಹೊರೆಯವರೇ ಸೇರಿ ಮಂಡಳಿ ಮಾಡಿಕೊಂಡು, ಯಾವ ಪಾಠ ಇರಬೇಕು, ಯಾವ ಸಂಜೆ ಯಾರಿಗೆ ಕೋಣೆ ಎಂಬುದನ್ನು ತಾವೇ ಕುಳಿತು ಗೊತ್ತುಮಾಡತೊಡಗಿದರು.